ಮೈಕಿನ ಕಂಬಕ್ಕೆ ಬಡಿದ ಚೆಂಡು

ಕಳೆದ ಆದಿತ್ಯವಾರದಿಂದ ಕಾಸರಗೋಡಿನ ನಮ್ಮ ಬದಿಯಡ್ಕ ಕಡೆ ಒಂದೇ ಚರ್ಚೆ: ಅದು ಔಟಾ, ಅಲ್ವಾ?

ಅಂಡರ್ ಆರ್ಮ್ ಕ್ರಿಕೆಟ್ ಪಂದ್ಯಾಟದ ಸೆಮಿಫೈನಲ್. ಕೊಯ್ಲು ಮುಗಿದ ಗದ್ದೆ, ಒಂದು ಬದಿಗೆ ಅಡಿಕೆ ತೋಟ, ಇನ್ನೊಂದು ಬದಿಗೆ ತೋಡು. ಹುಡುಗ ಎತ್ತಿ ಹೊಡೆದ ಚೆಂಡು ಮೈಕ್ ಕಟ್ಟಿದ್ದ ಬಿದಿರಿನ ಕಂಬಕ್ಕೆ ಬಡಿದು ಕೆಳಗೆ ಬಂತು, ಬುಡದಲ್ಲೇ ನಿಂತಿದ್ದವ ಹಿಡಿದ. ಜಗಳ ತುಳುವಿನಲ್ಲಿ ಸುರುವಾಗಿ, ಮಲಯಾಳದಲ್ಲಿ ಏರಿ, ಅಂಪಾಯರ್ ಮಾಷ್ಟ್ರ ಹತ್ತಿರ ಬರುವಾಗ ಕನ್ನಡಕ್ಕೆ ಇಳಿದಿತ್ತು. ಮಾಷ್ಟ್ರು ಕನ್ನಡ ಕಲಿಸಿ ನಿವೃತ್ತರಾದವರು. ಬೇರೆ ಭಾಷೆಯಲ್ಲಿ ಬೈದರೆ ಅವರಿಗೆ ಕೇಳಿಸುವುದಿಲ್ಲ.

"ಔಟಿಲ್ಲ, ಓಟವೂ ಇಲ್ಲ. ಇನ್ನೊಮ್ಮೆ ಹಾಕು" ಅಂದರು.

ನನ್ನ ಪಕ್ಕದಲ್ಲಿ ಅಕ್ಕನ ಮಗ ಕೂತಿದ್ದ. ಬೆಂಗಳೂರಿನಲ್ಲಿ ಕೋಚಿಂಗಿಗೆ ಹೋಗುವವ. ನಮ್ಮ ಪಂದ್ಯಾಟದ ಮೊದಲ ಬಹುಮಾನಕ್ಕೆ ಶಾಶ್ವತ ಫಲಕ ಸೇರಿಸಿದರೂ ಅವನ ಕಿಟ್ ಬ್ಯಾಗಿನ ಬೆಲೆ ಬರಲಿಕ್ಕಿಲ್ಲ; ಭಾವನಿಗೆ ದುಡ್ಡು ಖರ್ಚು ಮಾಡಿದ್ದೇ ಪ್ರತಿಭೆ ಎಂಬ ನಂಬಿಕೆ. "ಮಾವ, ಇದು ಕ್ರಿಕೆಟ್ಟೇ ಅಲ್ಲ. ಕೈ ಕೆಳಗಿಂದ ಎಸೀತಾರೆ, ಕಂಬಕ್ಕೂ ಒಂದು ರೂಲ್ ಮಾಡ್ಕೊಂಡಿದಾರೆ" ಅಂದ ಹುಡುಗ. ಮೆಲ್ಲಗೆ ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಮಾಷ್ಟ್ರು ತಿರುಗಿ ನೋಡಿ, "ಅಲ್ಲ ಅಂತ ಯಾರು ಹೇಳಿದ್ದು ಮಾರಾಯ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ವಿಕೆಟಿನ ಕಡೆ ಹೋದರು.

ಯಾರು ಹೇಳಿದ್ದು? ಈ ವಾರ ಅಡಿಕೆ ಸುಲಿಯುವಾಗಲೂ ನನಗೆ ಅದೇ.

ಸುರುವಿನ ಕ್ರಿಕೆಟಿನಲ್ಲಿ ಚೆಂಡು ಹಾಕುತ್ತಿದ್ದದ್ದೇ ಕೈ ಕೆಳಗಿಂದ. 1744ರಲ್ಲಿ ಲಂಡನಿನ ಕೆಲವು ಸಾಹುಕಾರರು ಮೊದಲ ಸಲ ನಿಯಮ ಬರೆದಿಟ್ಟಾಗಲೂ ಬೌಲಿಂಗ್ ಹಾಗೆಯೇ ಇತ್ತು. 1822ರಲ್ಲಿ ಜಾನ್ ವಿಲ್ಸ್ ಎಂಬವ ಲಂಡನಿನ ಲಾರ್ಡ್ಸ್ ಮೈದಾನದಲ್ಲಿ ಕೈಯನ್ನು ಬದಿಯಿಂದ ಎತ್ತಿ ಬೀಸಿ ಚೆಂಡು ಹಾಕಿದ್ದಕ್ಕೆ ನೋಬಾಲ್ ಕೊಟ್ಟರು. ಸಿಟ್ಟಾಗಿ ಚೆಂಡು ಬಿಸಾಡಿ ಕುದುರೆ ಹತ್ತಿ ಹೋದವ ಮತ್ತೆ ಬರಲಿಲ್ಲ ಎಂದು ಕತೆ. ಭುಜದ ಮಟ್ಟದ ಬೌಲಿಂಗಿಗೆ ಒಪ್ಪಿಗೆ ಸಿಕ್ಕಿದ್ದು 1835ರಲ್ಲಿ, ಭುಜದ ಮೇಲಿನಿಂದ ಹಾಕಲಿಕ್ಕೆ 1864ರಲ್ಲಿ. ನನ್ನ ಅಳಿಯ ಫೀಸು ಕೊಟ್ಟು ಕಲಿಯುವ ಬೌಲಿಂಗನ್ನು "ಇದು ಕ್ರಿಕೆಟ್ಟೇ ಅಲ್ಲ" ಎಂದು ತಡೆದವರು ಲಾರ್ಡ್ಸಿನಲ್ಲೇ ಇದ್ದರು.

ಅಂಡರ್ ಆರ್ಮ್ ಎಂದರೆ ಅವನಿಗೆ ಗೊತ್ತಿರುವುದು 1981ರ ಒಂದು ವಿಡಿಯೋ ಮಾತ್ರ. ಮೆಲ್ಬರ್ನಿನಲ್ಲಿ ಟೈ ಆಗಬೇಕಾದರೆ ನ್ಯೂಜಿಲೆಂಡಿಗೆ ಕೊನೆಯ ಚೆಂಡಿಗೆ ಸಿಕ್ಸರ್ ಬೇಕಿತ್ತು, ಅಣ್ಣ ಗ್ರೆಗ್ ಹೇಳಿದ ಎಂದು ಆಸ್ಟ್ರೇಲಿಯಾದ ಬೌಲರ್, ತಮ್ಮ ಟ್ರೆವರ್ ಚಾಪೆಲ್ ಚೆಂಡನ್ನು ನೆಲದಲ್ಲಿ ಉರುಳಿಸಿಬಿಟ್ಟ. ನಮ್ಮ ಗದ್ದೆಯಲ್ಲಿ ಉರುಳಿಸಿದರೆ ನೋಬಾಲ್. ಆ ಅಣ್ಣತಮ್ಮಂದಿರು ಇಲ್ಲಿಗೆ ಬಂದಿದ್ದರೆ ಮಾಷ್ಟ್ರು ಇಬ್ಬರನ್ನೂ ತೋಡು ದಾಟಿಸುತ್ತಿದ್ದರು.

ನಿಯಮಗಳು ಹುಟ್ಟಿದ ಬಗೆ ನೋಡಿದರೆ ನಮ್ಮ ಕಮಿಟಿ ಮೀಟಿಂಗೇ ನೆನಪಾಗುತ್ತದೆ. 1771ರಲ್ಲಿ ರೈಗೇಟಿನ ಥಾಮಸ್ ವೈಟ್ ವಿಕೆಟಿನಷ್ಟೇ ಅಗಲದ ಬ್ಯಾಟ್ ಹಿಡಿದು ಆಡಲಿಕ್ಕೆ ಬಂದ. ಎದುರು ತಂಡ ಹ್ಯಾಂಬಲ್ಡನ್, ಹಳ್ಳಿಯದೊಂದು ಕ್ಲಬ್ಬು. ಅವರು ಕೂತು ಬ್ಯಾಟಿನ ಅಗಲ 4.25 ಇಂಚು ಮೀರಬಾರದು ಎಂದು ಬರೆದರು. ಇವತ್ತು ಅಳಿಯನ ಬ್ಯಾಗಿನಲ್ಲಿರುವ ಬ್ಯಾಟಿಗೂ ಅದೇ ಮಿತಿ. ಆಗ ಇದ್ದದ್ದು ಎರಡೇ ಸ್ಟಂಪು. 1775ರಲ್ಲಿ ಲಂಪಿ ಸ್ಟೀವನ್ಸ್ ಎಂಬ ಬೌಲರನ ಚೆಂಡು ಮತ್ತೆ ಮತ್ತೆ ಆ ಎರಡರ ನಡುವೆ ತೂರಿ ಹೋಯಿತು, ಸ್ಟಂಪಿನ ಮೇಲಿಡುವ ಕಡ್ಡಿ, ಬೇಲ್, ಬೀಳಲಿಲ್ಲ. ಬೌಲರಿಗೆ ಅನ್ಯಾಯ ಎಂದು ಗಲಾಟೆ ಎದ್ದು ನಡುವಿನ ಸ್ಟಂಪು ಬಂತು. ಕಿಲಾಡಿತನವೋ ಗಲಾಟೆಯೋ ಮೊದಲು, ಬರಹ ಆಮೇಲೆ. ಮೈದಾನದೊಳಗಿನ ಅಡ್ಡಿಯೂ ನಮಗೇ ಮೀಸಲಲ್ಲ. ಇಂಗ್ಲೆಂಡಿನ ಕ್ಯಾಂಟರ್‌ಬರಿಯ ಕೌಂಟಿ ಮೈದಾನದಲ್ಲಿ ಬೌಂಡರಿಯ ಒಳಗೇ ಒಂದು ದೊಡ್ಡ ಮರ ಇತ್ತು, 2005ರಲ್ಲಿ ಗಾಳಿಗೆ ಬೀಳುವವರೆಗೆ. ಚೆಂಡು ಮರಕ್ಕೆ ತಾಗಿದರೆ ನಾಲ್ಕು ಓಟ. ಯಾರೂ ಮರ ಕಡಿಯಲಿಲ್ಲ, ಯಾರೂ ಅದು ಕ್ರಿಕೆಟ್ ಅಲ್ಲ ಎನ್ನಲೂ ಇಲ್ಲ.

ಅಷ್ಟು ದೂರ ಯಾಕೆ, 2025ರ ರಣಜಿ ಸೆಮಿಫೈನಲ್ ತೆಗೆದುಕೊಳ್ಳಿ. ನಮ್ಮ ತಳಂಗರೆಯ ಮೊಹಮ್ಮದ್ ಅಝರುದ್ದೀನ್ ಔಟಾಗದೆ 177 ಹೊಡೆದು ಕೇರಳಕ್ಕೆ 457 ಆಗಿತ್ತು. ಗುಜರಾತ್ 455ಕ್ಕೆ ಒಂಬತ್ತು. ಆಗ ನಾಗವಾಸ್‌ವಾಲಾ ಹೊಡೆದ ಚೆಂಡು ಶಾರ್ಟ್ ಲೆಗ್ಗಿನಲ್ಲಿದ್ದ ಸಲ್ಮಾನ್ ನಿಜಾರ್ ಹೆಲ್ಮೆಟ್ಟಿಗೆ ಬಡಿದು ಹಾರಿತು, ಸ್ಲಿಪ್ಪಿನಲ್ಲಿದ್ದ ಸಚಿನ್ ಬೇಬಿ ಹಿಡಿದರು. ಪಂದ್ಯ ಡ್ರಾ ಆದದ್ದರಿಂದ, ಮೊದಲ ಇನ್ನಿಂಗ್ಸಿನ ಆ ಎರಡು ಓಟದ ಮುನ್ನಡೆಯಲ್ಲೇ ಕೇರಳ ಮೊದಲ ಬಾರಿಗೆ ಫೈನಲಿಗೆ ಹೋಯಿತು. 2017ಕ್ಕೆ ಮೊದಲು ಆಗಿದ್ದರೆ ಅದು ಔಟೇ ಅಲ್ಲ. ಫೀಲ್ಡರಿನ ಹೆಲ್ಮೆಟ್ಟಿಗೆ ತಾಗಿದ ಚೆಂಡನ್ನು ಹಿಡಿದರೆ ಲೆಕ್ಕಕ್ಕಿರಲಿಲ್ಲ. ಆ ವರ್ಷ ನಿಯಮ ತಿದ್ದಿದರು. ಅವತ್ತು ಟಿವಿ ಎದುರು ಕುಣಿದವರಲ್ಲಿ ಒಬ್ಬನೂ, ಹೆಲ್ಮೆಟ್ಟಿಗೆ ಬಡಿದದ್ದು ನಮಗೆ ಬೇಡ ಎನ್ನಲಿಲ್ಲ. ನಾನೂ ಕುಣಿದವನೇ.

ಹಾಗೆಂದು ಮಾಷ್ಟ್ರ ತೀರ್ಪು ನನಗೆ ಒಪ್ಪಿಗೆ ಅಂತಲ್ಲ. ಬ್ಯಾಟು ಹಿಡಿದವ ಅವರ ಹಳೆಯ ವಿದ್ಯಾರ್ಥಿ. ಶಿಷ್ಯರ ವಿಷಯದಲ್ಲಿ ಅವರ ಕಣ್ಣು ಸ್ವಲ್ಪ ಮಂಜು. ಮೊನ್ನೆ ರಾತ್ರಿ ಅಳಿಯನನ್ನೂ ಕೂರಿಸಿಕೊಂಡು ಮೊಬೈಲಿನಲ್ಲಿ ಎಂಸಿಸಿಯ, ಅಂದರೆ ಲಂಡನಿನ ಮೆರಿಲೆಬೋನ್ ಕ್ರಿಕೆಟ್ ಕ್ಲಬ್ಬಿನ, ನಿಯಮ ಓದಿದೆ. ಜಗತ್ತಿನ ಕ್ರಿಕೆಟ್ ನಿಯಮ ಬರೆಯುವುದು ಇವತ್ತಿಗೂ 1787ರಲ್ಲಿ ಹುಟ್ಟಿದ ಆ ಖಾಸಗಿ ಕ್ಲಬ್ಬೇ. ಪಂದ್ಯಕ್ಕೆ ಮೊದಲು ವಿಶೇಷ ಒಪ್ಪಂದ ಆಗಿದ್ದರೆ ಅಂಡರ್ ಆರ್ಮ್ ಹಾಕಬಹುದು ಎಂದು ಅವರೇ ಬರೆದಿದ್ದಾರೆ. ಹುಡುಗ ಅದನ್ನು ಎರಡು ಸಲ ಓದಿ ಸುಮ್ಮನಾದ. ಕೆಳಗೆ ಹೋದರೆ ಇನ್ನೊಂದು: ಮೈದಾನದೊಳಗಿನ ಅಡ್ಡಿಯನ್ನು ಬೌಂಡರಿ ಎಂದು ಮೊದಲೇ ಗೊತ್ತುಮಾಡದಿದ್ದರೆ, ಅದಕ್ಕೆ ತಾಗಿ ಬಂದ ಚೆಂಡನ್ನು ನೆಲ ಮುಟ್ಟುವ ಮೊದಲು ಹಿಡಿದರೆ ಔಟ್. ಅಂದರೆ ಅಳಿಯನೂ ತಪ್ಪು, ಮಾಷ್ಟ್ರೂ ತಪ್ಪು.

ಮರುದಿನ ಪೇಟೆಯಲ್ಲಿ ಸಿಕ್ಕಿದಾಗ ಮಾಷ್ಟ್ರಿಗೆ ತೋರಿಸಿದೆ. ಕನ್ನಡಕ ಏರಿಸಿ ಪೂರ್ತಿ ಓದಿದರು. "ಅವರಿಗೆ ನಮ್ಮ ಕಂಬ ಗೊತ್ತುಂಟಾ?" ಅಂದರು.

ಕಮಿಟಿಯಲ್ಲಿ ಈಗ ಎರಡು ಪಂಗಡ. ಕಂಬಕ್ಕೆ ತಾಗಿದರೆ ನಾಲ್ಕು ಓಟ ಎಂದು ಮುಂದಿನ ವರ್ಷದ ನೋಟೀಸಿನಲ್ಲೇ ಹಾಕುವ ಎಂದು ಒಂದು ಪಂಗಡ. ಔಟೇ ಇರಲಿ ಎಂದು ಇನ್ನೊಂದು. ಸೌಂಡ್ಸಿನವ ಮಾತ್ರ ನಾಲ್ಕು ಓಟಕ್ಕೆ ಸುತರಾಂ ಒಪ್ಪುತ್ತಿಲ್ಲ. ಎಲ್ಲರೂ ಕಂಬಕ್ಕೇ ಗುರಿಯಿಟ್ಟರೆ ಮೇಲಿರುವ ಹಾರ್ನಿನ ದುಡ್ಡು ಯಾರು ಕೊಡುವುದು ಎಂದು ಕೇಳುತ್ತಿದ್ದಾನೆ.