ಕಂಬದಿಂದ ಮನೆಯವರೆಗಿನ ಫೈಬರ್

ಸಾಗರ ತಾಲ್ಲೂಕಿನ ಹಳ್ಳಿಗಳಿಗೆ ಫೈಬರ್ ಇಂಟರ್‌ನೆಟ್ ಸಂಪರ್ಕ ಕೊಡುವ ನಮಗೆ ಆಷಾಢದ ಗಾಳಿಮಳೆಯಲ್ಲಿ ಬಿಡುವೆಂಬುದೇ ಇರುವುದಿಲ್ಲ. ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಮತ್ತಿಮರದ ಕೊಂಬೆ ಮುರಿದು ಕೇಬಲ್ಲಿನ ಮೇಲೆ ಬಿದ್ದು, ಹಾಲಿನ ಡೇರಿ, ಕಿರಾಣಿ ಅಂಗಡಿ, ಬೆಂಗಳೂರಿನ ಕಂಪನಿಗಳಿಗೆ ಊರಿನಿಂದಲೇ ಕೆಲಸ ಮಾಡುವವರ ಮನೆಗಳು ಎಲ್ಲ ಕಡೆಯೂ ಒಮ್ಮೆಲೇ ಇಂಟರ್‌ನೆಟ್ ನಿಂತಿತು. ನಮ್ಮ ಜಿಪಾನ್ ಎಂಬ ಫೈಬರ್ ವ್ಯವಸ್ಥೆಯಲ್ಲಿ ಒಂದೇ ಗಾಜಿನ ಎಳೆಯ ಬೆಳಕನ್ನು ಸ್ಪ್ಲಿಟರ್ ಎಂಬ ಕವಲೊಡೆಸುವ ಸಾಧನದ ಮೂಲಕ 32 ಸಂಪರ್ಕಗಳಿಗೆ ಹಂಚಿರುವುದರಿಂದ, ಬೆಳಕು ಸ್ಪ್ಲಿಟರ್ ತಲುಪುವ ಮೊದಲೇ ಎಳೆ ತುಂಡಾದರೆ ಅಷ್ಟೂ ಮೋಡೆಮ್‌ಗಳಲ್ಲಿ ಕೆಂಪು ದೀಪ ಮಿನುಗತೊಡಗುತ್ತದೆ.

ತುಂಡಾದ ಜಾಗ ಎಷ್ಟು ದೂರದಲ್ಲಿದೆಯೆಂದು, ಎಳೆಯೊಳಗೆ ಬೆಳಕು ಹಾಯಿಸಿ ಮರಳಿ ಬಂದದ್ದನ್ನು ಅಳೆಯುವ ಒಟಿಡಿಆರ್ ಉಪಕರಣ ಹೇಳುತ್ತದೆ. ಆದರೆ ಅದು ಅಳೆಯುವುದು ಫೈಬರಿನ ಉದ್ದವನ್ನು. ಕಂಬಗಳಲ್ಲಿ ಸುತ್ತಿಟ್ಟ ಹೆಚ್ಚುವರಿ ಕೇಬಲ್ಲಿನ ಲೆಕ್ಕ ಕಳೆದ ಮೇಲೆಯೇ ರಸ್ತೆಯಲ್ಲಿ ಎಲ್ಲಿ ನಿಲ್ಲಬೇಕೆಂಬುದು ತಿಳಿಯುವುದು. ಜೊತೆಗಾರ ಕೊಡೆ ಹಿಡಿದು ನಿಂತ. ನಾನು 125 ಮೈಕ್ರಾನ್ ದಪ್ಪದ ಗಾಜಿನ ಎಳೆಯ ಹೊದಿಕೆ ತೆಗೆದು, ಆಲ್ಕೋಹಾಲಿನಲ್ಲಿ ಒರೆಸಿ, ಕ್ಲೀವರಿನಲ್ಲಿ ತುದಿಯನ್ನು ನೇರವಾಗಿ ಕತ್ತರಿಸಿ ಎಳೆಗಳನ್ನು ಬೆಸೆಯುವ ಸ್ಪ್ಲೈಸಿಂಗ್ ಮಷೀನಿನೊಳಗಿಟ್ಟೆ. ಒಂದು ಕಣ ಧೂಳಿದ್ದರೂ ಪರದೆಯ ಮೇಲೆ ಅದು ಬಂಡೆಯಂತೆ ಕಾಣುತ್ತದೆ. ಮತ್ತೆ ಮೊದಲಿನಿಂದ ಒರೆಸಬೇಕು.

ಮಧ್ಯಾಹ್ನದ ಹೊತ್ತಿಗೆ ಎಲ್ಲರ ಸಂಪರ್ಕವೂ ಮರಳಿತು, ಒಂದು ಮನೆಯ ಹೊರತು. ಕಂಬದ ಪೆಟ್ಟಿಗೆಯಲ್ಲಿ ಬೆಳಕಿನ ಬಲ ಅಳೆಯುವ ಪವರ್ ಮೀಟರ್ ಮೈನಸ್ 19 ಡಿಬಿಎಂ ತೋರಿಸಿದರೆ ಮನೆಯೊಳಗೆ ಮೈನಸ್ 29 ಇತ್ತು. ಹತ್ತು ಡಿಬಿ (ಡೆಸಿಬೆಲ್) ಇಳಿಯಿತೆಂದರೆ ಹತ್ತರಲ್ಲಿ ಒಂದು ಪಾಲು ಬೆಳಕು ಮಾತ್ರ ಉಳಿದಿದೆ ಎಂದರ್ಥ. ಕೇಬಲ್ ಹಿಡಿದು ಬಂದಾಗ ಕಾರಣ ಕಿಟಕಿಯಲ್ಲೇ ಸಿಕ್ಕಿತು. "ಎರಚಲು ಒಳಗೇ ಬರ್ತಿತ್ತು ತಮ್ಮಾ, ಅದಕ್ಕೇ ಒತ್ತಿ ಚಿಲಕ ಹಾಕಿದೆ" ಎಂದರು ಮನೆಯ ಅಮ್ಮ. ಮಳೆಗೆ ಉಬ್ಬಿದ ಮರದ ಚೌಕಟ್ಟಿನಲ್ಲಿ ಕೇಬಲ್ ಮಡಚಿಕೊಂಡಿತ್ತು. ಇಂಥ ಮಡಿಕೆಯಲ್ಲಿ, ಮನೆಯಿಂದ ಹೊರಡುವ 1310 ನ್ಯಾನೋಮೀಟರ್ ಬೆಳಕಿಗಿಂತ ಮನೆಗೆ ಬರುವ 1490ರದ್ದೇ ಹೆಚ್ಚು ಸೋರಿಹೋಗುತ್ತದೆ.

ಗೋಡೆ ಕೊರೆಯುವುದು ಬೇಡವೆಂದು ಮನೆಯವರು, ಕೆಲಸ ಬೇಗ ಮುಗಿಯಲೆಂದು ಕೆಲಸಗಾರರು, ಇಬ್ಬರೂ ಕಿಟಕಿಯನ್ನೇ ಆರಿಸಿಕೊಳ್ಳುತ್ತಾರೆ. ಮಲೆನಾಡಿನಲ್ಲಿ ಈ ಪದ್ಧತಿ ನಿಲ್ಲಲೇಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಅಮ್ಮನನ್ನು ಒಪ್ಪಿಸಿ, ನೀರು ಒಳಗೆ ಹರಿಯದಂತೆ ಹೊರಕ್ಕೆ ಇಳಿಜಾರಾಗಿ ರಂಧ್ರ ಕೊರೆದು, ಹೊರಗೆ ಕೇಬಲ್ಲನ್ನು ಸ್ವಲ್ಪ ಜೋಲಿಸಿ ಹೊಸದಾಗಿ ಎಳೆದೆವು. ಮೀಟರ್ ಮೈನಸ್ 20 ತೋರಿಸಿತು. ಅದೇ ಕೇರಿಯ ಉಳಿದ ಮನೆಗಳ ಕಿಟಕಿಗಳನ್ನೂ ನೋಡಿಕೊಂಡೇ ಹೊರಟೆವು.