ಪಹಣಿ ಒಬ್ಬರದು, ದಂಡ ಇನ್ನೊಬ್ಬರ ಕೈಲಿ

ಹ್ಯಾರಿ ಪಾಟರ್ ಕಾರ್ಡ್ ಆಟದ ಮೂರನೇ ಪ್ರೋಟೊಟೈಪ್ ಶನಿವಾರ ರಾತ್ರಿ ಸತ್ತಿತು. ಕೊಂದವಳು ಅಕ್ಕನ ಮಗಳು. "ಮಾಮಾ, ನೆವಿಲ್ ಹ್ಯಾರಿಯ ಮಂತ್ರದಂಡ ಹಾರಿಸಿದ್ನಲ್ಲ, ಹಾಗಾದ್ರೆ ಅದು ನೆವಿಲ್‌ದೇ ಅಲ್ವಾ?"

ಐದನೇ ಪುಸ್ತಕ, ಡಂಬಲ್‌ಡೋರ್ಸ್ ಆರ್ಮಿ ಅನ್ನೋ ವಿದ್ಯಾರ್ಥಿಗಳ ಗುಟ್ಟಿನ ಗುಂಪಿನ ಮೊದಲ ಅಭ್ಯಾಸ. ಹ್ಯಾರಿ ಎಲ್ಲೋ ನೋಡ್ತಿದ್ದಾಗ ಸಹಪಾಠಿ ನೆವಿಲ್ ಎಕ್ಸ್‌ಪೆಲಿಯಾರ್ಮಸ್ ಅನ್ನೋ ದಂಡ ಹಾರಿಸೋ ಮಂತ್ರ ಹೊಡೆದ. ಗೆದ್ದವನ ಕಡೆ ದಂಡದ ನಿಷ್ಠೆ ತಿರುಗುತ್ತೆ ಅಂತ ಏಳನೇ ಪುಸ್ತಕ ಹೇಳೋದಾದರೆ, ಅವತ್ತು ಎಲ್ಲರೂ ಕಂಡವರ ದಂಡ ಹಿಡ್ಕೊಂಡು ಮನೆಗೆ ಹೋಗಿರಬೇಕು. ಮೂರನೇದರಲ್ಲಿ ಇನ್ನೂ ಮಜಾ: ಹ್ಯಾರಿ, ರಾನ್, ಹರ್ಮಾಯನಿ ಮೂವರೂ ಒಟ್ಟಿಗೇ ಮೇಷ್ಟ್ರು ಸ್ನೇಪ್ ಮೇಲೆ ಅದೇ ಮಂತ್ರ ಹಾಕ್ತಾರೆ, ದಂಡ ಹಾರಿ ಮಂಚದ ಮೇಲೆ ಬೆಕ್ಕಿನ ಪಕ್ಕ ಬೀಳುತ್ತೆ. ಜಂಟಿ ಖಾತೆನಾ?

ನಿಜವಾದ ತಲೆನೋವು ಎಲ್ಡರ್ ವಾಂಡ್, ಕಥೆಯ ಅತಿ ಬಲಶಾಲಿ ದಂಡ. ಗೋಪುರದ ಮೇಲೆ ಹ್ಯಾರಿಯ ಹಗೆ ಡ್ರೇಕೊ ಮಾಲ್ಫಾಯ್ ಅದನ್ನ ಹೆಡ್ಮಾಸ್ಟರ್ ಡಂಬಲ್‌ಡೋರ್ ಕೈಯಿಂದ ಹಾರಿಸಿದ, ಮುಟ್ಟಲೇ ಇಲ್ಲ. 1998ರಲ್ಲಿ ಮಾಲ್ಫಾಯ್ ಮನೆಯಲ್ಲಿ ಹ್ಯಾರಿ ಡ್ರೇಕೊನಿಂದ ಕಿತ್ತುಕೊಂಡಿದ್ದು ಬೇರೆ ದಂಡಗಳನ್ನ, ಅದೂ ಮಂತ್ರವಿಲ್ಲದೆ, ಬಸ್ಸಲ್ಲಿ ಸೀಟು ಹಿಡಿದ ಹಾಗೆ. ಅಷ್ಟಕ್ಕೇ ದೂರದಲ್ಲಿ ಡಂಬಲ್‌ಡೋರ್ ಗೋರಿಯೊಳಗಿದ್ದ ಎಲ್ಡರ್ ವಾಂಡ್ ಹ್ಯಾರಿಯದಾಯ್ತಂತೆ! ಇದನ್ನ ಹಾಗೇ ಆಟಕ್ಕಿಳಿಸಿದ್ದೆ. ಒಂದು ಕೈ ಸೋತರೆ ಇದ್ದಬದ್ದ ದಂಡವೆಲ್ಲ ಎದುರಾಳಿಗೆ. ಹನ್ನೊಂದು ನಿಮಿಷಕ್ಕೆ ಆಟ ಖಲಾಸ್.

ದಾರಿ ತೋರಿಸಿದ್ದು ಅಪ್ಪ, ಜಮೀನಿನ ಕಾಗದ ಹರಡ್ಕೊಂಡು ಕೂತಿದ್ರು. "ಒಡೆಯ ಬೇರೆ, ಉಳೋನು ಬೇರೆ ಕಣೋ. ಅದಕ್ಕೇ ಪಹಣಿಯಲ್ಲಿ ಎರಡು ಕಾಲಂ."

ಈಗ ಪ್ರತಿ ಕಾರ್ಡಿಗೂ ಎರಡು ಜೆಮ್ ಕ್ಲಿಪ್. ಕೆಂಪು ಅಂದ್ರೆ ಯಾರ ಕೈಲಿದೆ, ನೀಲಿ ಅಂದ್ರೆ ಯಾರ ಮಾತು ಕೇಳುತ್ತೆ. ಮೇಜಿನ ಮೇಲೆ 'ಹಗೆ' ಬಿಲ್ಲೆ ಇದ್ದರೆ ಮಾತ್ರ ನೀಲಿ ಅಲ್ಲಾಡುತ್ತೆ. ಅಭ್ಯಾಸದ ಪಂದ್ಯಕ್ಕೆ ಖಾತೆ ಬದಲಾವಣೆ ಇಲ್ಲ. ಗೆದ್ದುಕೊಂಡ ದಂಡ ಮಣಿಯೋದು 'ಸಾಮಾನ್ಯವಾಗಿ' ಅಂತಾನೆ ದಂಡ ಮಾಡೋ ಆಲಿವಾಂಡರ್ ಹೇಳೋದು, ಆ ಪದಕ್ಕೊಂದು ದಾಳ: ಒಂದು ಬಿದ್ದರೆ ದಂಡ ಹಟ ಮಾಡುತ್ತೆ. ದೂರದಿಂದಲೇ ನಿಷ್ಠೆ ಬದಲಾಗೋ ಸೌಲಭ್ಯ ಎಲ್ಡರ್ ವಾಂಡಿಗೆ ಮಾತ್ರ. ತೇಪೆ ಅಂತ ಗೊತ್ತು. ಕಥೆಯಲ್ಲೇ ಹರಿದಿರುವಾಗ ದರ್ಜಿ ಏನು ಮಾಡ್ತಾನೆ?

ಪ್ರಿಂಟಿನವನ ಪುರಾಣ ಬೇರೆ. 300 ಜಿಎಸ್ಎಂ (ಕಾಗದದ ತೂಕ) ಅಂತ ಮೂರು ಸಲ ಹೇಳಿದ್ದೆ, ಬಂದದ್ದು ಮದುವೆ ಕರೆಯೋಲೆಗಿಂತ ತೆಳು. ಟ್ಯೂಬ್‌ಲೈಟಿಗೆ ಹಿಡಿದರೆ ಎದುರಾಳಿಯ ದಂಡ ಕಾಣುತ್ತೆ. ಕಾರ್ಡ್ ಹಾಕೋ ಪ್ಲಾಸ್ಟಿಕ್ ಸ್ಲೀವ್ 63×88 ಮಿ.ಮೀ.ಗೆ ತಂದೆ, ಅವನು ಕತ್ತರಿಸಿದ್ದು 65.

ಈ ಮಧ್ಯೆ ತಲೆಗೆ ಹತ್ತಿರೋದು ಫಿಡೀಲಿಯಸ್ ಮಂತ್ರ: ಮನೆಯ ಗುಟ್ಟನ್ನ ಒಬ್ಬನೊಳಗೆ ಬಚ್ಚಿಡೋದು, ಅವನೇ ಗುಟ್ಟುಗಾರ, ಅವನು ಹೇಳದೆ ಯಾರಿಗೂ ಮನೆ ಸಿಗಲ್ಲ. ಏಳನೇ ಪುಸ್ತಕದಲ್ಲಿ ರಾನ್ ಅಣ್ಣ ಬಿಲ್ ತಾನಿರೋ ಶೆಲ್ ಕಾಟೇಜಿಗೆ ತಾನೇ ಗುಟ್ಟುಗಾರ. ಅದು ಆಗೋದಾದರೆ ಹ್ಯಾರಿಯ ಅಪ್ಪ ಜೇಮ್ಸ್ ಪಾಟರ್ ತನ್ನ ಮನೆ ಗುಟ್ಟಿಗೆ, ಆಮೇಲೆ ದ್ರೋಹ ಮಾಡಿದ ಗೆಳೆಯ ಪೀಟರನ್ನ ಯಾಕೆ ನಂಬಿದ? ಮುಂದಿನ ಆಟ ಇದೇ, ಹೆಸರಿಟ್ಟಾಗಿದೆ, ಹೇಳಲ್ಲ.

ಭಾನುವಾರ ಮತ್ತೆ ಆಡಿದ್ವಿ, ನಲವತ್ತು ನಿಮಿಷ ಎಳೀತು. ಮೂವರು ಒಟ್ಟಿಗೆ ಹೊಡೆದರೆ ಏನು ಅನ್ನೋದು ಮಾತ್ರ ಬಗೆಹರಿದಿಲ್ಲ. ಸದ್ಯಕ್ಕೆ ಸ್ನೇಪ್‌ನ ದಂಡದ ನೀಲಿ ಕ್ಲಿಪ್ ಬೆಕ್ಕಿನ ಕಾರ್ಡಿಗೆ ಸಿಕ್ಕಿಸಿದ್ದೀನಿ.