ರುಚಿ ನೋಡದೆ ಮಾಡುವ ಪಾಯಸ

ಅಡುಗೆ ಮುಗಿಯುವಷ್ಟರಲ್ಲಿ ನನ್ನ ಅರ್ಧ ಊಟ ಆಗಿರುತ್ತದೆ ಅಂತ ಮಗಳು ತಮಾಷೆ ಮಾಡುತ್ತಾಳೆ. ಸುಳ್ಳಲ್ಲ. ಭಾಗಮಂಡಲ ರಸ್ತೆಯಲ್ಲಿ ನಮ್ಮದೊಂದು ನಾಲ್ಕು ಕೋಣೆಯ ಹೋಂಸ್ಟೇ ಇದೆ. ಅಡುಗೆ ನನ್ನದೇ. ಸೌಟಿನಿಂದ ಎಡಗೈಗೆ ಒಂದು ಹನಿ ಬಿಟ್ಟುಕೊಂಡು ನೆಕ್ಕದೆ ಒಂದು ಪಾತ್ರೆಯನ್ನೂ ಒಲೆಯಿಂದ ಇಳಿಸಿದವಳಲ್ಲ ನಾನು. ಉಪ್ಪು, ಹುಳಿ, ಖಾರ ಎಲ್ಲ ಆ ಅಂಗೈಯಲ್ಲೇ ತೀರ್ಮಾನ ಆಗಬೇಕು.

ವರ್ಷಕ್ಕೆ ಒಂದು ರಾತ್ರಿ ಮಾತ್ರ ಆ ಎಡಗೈಗೆ ರಜೆ. ಹುತ್ತರಿ ರಾತ್ರಿ.

ಹೊಸ ಅಕ್ಕಿಯ ಪಾಯಸ ಮೊದಲು ದೇವರಿಗೆ, ಆಮೇಲೆ ಗುರುಕಾರಣರಿಗೆ, ಅಂದರೆ ಮನೆತನದ ತೀರಿಹೋದ ಹಿರಿಯರಿಗೆ, ಆಮೇಲೆ ನಮಗೆ. ಎಡೆ ಇಡುವ ಮೊದಲು ನಾಲಿಗೆಗೆ ತಾಗಿಸಿದರೆ ಎಂಜಲು. ಅವ್ವ ಇನ್ನೂ ಒಂದು ಹೆಜ್ಜೆ ಮುಂದೆ. ಮೂಸಿ ನೋಡುವುದೂ ಬೇಡ ಅನ್ನುತ್ತಾಳೆ. ಉರುಳಿಯ ಮೇಲೆ ಬಗ್ಗಿದರೆ ಸಾಕು, "ಮೂಗು ಆಚೆ ತೆಗಿ" ಅಂತ ಗದರುತ್ತಾಳೆ. ಒಲೆ ಮುಂದೆ ನಿಂತವಳು ಉಸಿರಾಡದೆ ಇರಲು ಆಗುತ್ತದಾ ಅಂತ ಕೇಳಿದರೆ ಉತ್ತರ ಇಲ್ಲ.

ಹುತ್ತರಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಕೊಡಗಿನಲ್ಲಿ ಹೊಸ ಭತ್ತದ ಕದಿರನ್ನು ಮನೆಗೆ ತರುವ ಸುಗ್ಗಿ ಹಬ್ಬ ಇದು. ನವೆಂಬರ್ ಕೊನೆಗೋ ಡಿಸೆಂಬರ್‌ನಲ್ಲೋ, ಹುಣ್ಣಿಮೆ ಮತ್ತು ರೋಹಿಣಿ ನಕ್ಷತ್ರ ನೋಡಿಕೊಂಡು ದಿನ ಇಡುತ್ತಾರೆ. ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ಹೊತ್ತು ಗೊತ್ತುಮಾಡುತ್ತಾರೆ. ಮೂರು ಮುಹೂರ್ತ. ನೆರೆ ಕಟ್ಟುವುದಕ್ಕೆ ಒಂದು, ಕದಿರು ತೆಗೆಯುವುದಕ್ಕೆ ಒಂದು, ಊಟಕ್ಕೆ ಒಂದು. ಅರಳಿ, ಮಾವು ಅಂತ ಐದು ಬಗೆಯ ಎಲೆ ಸೇರಿಸಿ ನಾರಿನಲ್ಲಿ ಕಟ್ಟಿದರೆ ಅದು ನೆರೆ. ಆಮೇಲೆ ದೀಪ, ಕುಡುಗೋಲು, ಕೋವಿ ಹಿಡಿದುಕೊಂಡು ಮನೆಮಂದಿಯೆಲ್ಲ ಗದ್ದೆಗೆ. ಗುಂಡು ಹಾರುತ್ತದೆ, "ಪೊಲಿ ಪೊಲಿ ದೇವಾ" ಅಂತ ಕೂಗುತ್ತಾರೆ, ಕದಿರು ಮನೆಗೆ ಬರುತ್ತದೆ. ಪೊಲಿ ಅಂದರೆ ಹೆಚ್ಚಲಿ ಅಂತ. ಪೇಪರಿನಲ್ಲಿ ಪ್ರತಿ ವರ್ಷ ಈ ಫೋಟೋ ಬರುತ್ತದೆ. ಒಲೆ ಮುಂದೆ ಉಳಿದವರ ಫೋಟೋ ಬಂದದ್ದು ನಾನಂತೂ ನೋಡಿಲ್ಲ.

ಕಷ್ಟ ಇರುವುದು ಇಲ್ಲಿ. ಕದಿರು ಮನೆಗೆ ಬರುವುದಕ್ಕೂ ಊಟದ ಮುಹೂರ್ತಕ್ಕೂ ನಡುವೆ ಹೆಚ್ಚೆಂದರೆ ಒಂದು ಗಂಟೆ. ಆಗ ತಾನೇ ಕೊಯ್ದ ಭತ್ತವನ್ನು ಒಣಗಿಸಿ, ಮಿಲ್ಲಿಗೆ ಹಾಕಿ ಅಕ್ಕಿ ಮಾಡಲು ಯಾರಿಂದ ಆಗುತ್ತದೆ? ಹಾಗಾಗಿ ನಮ್ಮ ಮನೆಯಲ್ಲಿ ಹಳೆ ಅಕ್ಕಿಯ ಪಾಯಸ ಮುಕ್ಕಾಲು ಪಾಲು ಮುಗಿಸಿ ಇಟ್ಟುಕೊಂಡಿರುತ್ತೇವೆ. ಕದಿರು ಬಂದ ತಕ್ಷಣ ಮಕ್ಕಳನ್ನು ದೀಪದ ಹತ್ತಿರ ಕೂರಿಸಿ ಕಾಳು ಸುಲಿಸುತ್ತೇವೆ. ಉಗುರಿನಿಂದಲೇ. ಹಸಿ ಭತ್ತದ ಸಿಪ್ಪೆ ಸುಲಭಕ್ಕೆ ಬಿಡುವುದಿಲ್ಲ. ತುದಿಯ ಮುಳ್ಳು ಉಗುರಿನ ಸಂದಿಗೆ ಚುಚ್ಚುತ್ತದೆ. ಒಳಗಿನ ಅಕ್ಕಿ ಒಂದು ತುದಿಯಲ್ಲಿ ತೆಳು ಹಸಿರು, ಹೊಟ್ಟೆಯ ಹತ್ತಿರ ಸುಣ್ಣದ ಹಾಗೆ ಬಿಳಿ. ಜಾಸ್ತಿ ಒತ್ತಿದರೆ ಮುರಿದೇ ಹೋಗುತ್ತದೆ. ಒಂದು ಹಿಡಿ ಆಗುವಷ್ಟರಲ್ಲಿ ಮಕ್ಕಳ ತಾಳ್ಮೆ ಮುಗಿದು, ಅರ್ಧ ಕಾಳು ಅವರ ಬಾಯಿಗೆ ಹೋಗಿರುತ್ತದೆ. ಎಂಜಲಿನ ಕಾನೂನು ಮಕ್ಕಳಿಗಿಲ್ಲ.

ಆ ಒಂದು ಹಿಡಿಯನ್ನು ಸಣ್ಣ ಪಾತ್ರೆಯಲ್ಲಿ ಒಂದು ಲೋಟ ಹಾಲು ಹಾಕಿ ಬೇರೆಯೇ ಬೇಯಿಸುತ್ತೇನೆ. ಹೊಸ ಅಕ್ಕಿಯಲ್ಲಿ ನೀರಿನ ಪಸೆ ಇರುವುದರಿಂದ ಬೇಗ ಬೇಯುತ್ತದೆ, ಬೇಗ ಮುದ್ದೆಯೂ ಆಗುತ್ತದೆ. ಇಪ್ಪತ್ತು ನಿಮಿಷ ಸಾಕು. ಆಮೇಲೆ ದೊಡ್ಡ ಉರುಳಿಗೆ ಸೇರಿಸುವುದು.

ದೊಡ್ಡ ಉರುಳಿ ಅಂದರೆ ಅಜ್ಜಿಯ ಕಾಲದ ಕಂಚಿನದು. ಅವ್ವನ ಲೆಕ್ಕ ಹೀಗೆ: ಮೂರು ಲೀಟರ್ ಹಾಲು, ಮುಕ್ಕಾಲು ಪಾವು ಅಕ್ಕಿ, ಒಂದೂವರೆ ಅಚ್ಚು ಬೆಲ್ಲ, ಹನ್ನೆರಡು ಏಲಕ್ಕಿ. ನಮ್ಮ ಅಂಗಡಿಯ ಅಚ್ಚು ಅರ್ಧ ಕಿಲೋ ತೂಗುತ್ತದೆ. ಹಾಲು ಪಕ್ಕದ ಮನೆಯ ಹಸುವಿನದು. ಏಲಕ್ಕಿ ನಮ್ಮ ತೋಟದ ಹೊಳೆ ಬದಿಯಲ್ಲಿ ಉಳಿದಿರುವ ನಾಲ್ಕು ಬುಡದ್ದು. ಹಿಂದೆ ಅಲ್ಲೆಲ್ಲ ಏಲಕ್ಕಿಯೇ ಇತ್ತಂತೆ, ಈಗ ಎಲ್ಲ ಕಾಫಿ.

ಒಲೆಗೆ ಒಣಗಿದ ಕಾಫಿ ಕಟ್ಟಿಗೆಯೇ ಆಗಬೇಕು. ಸಿಲ್ವರ್ ಓಕ್ ಬರ್ ಅಂತ ಉರಿದು ಬೂದಿ ಆಗುತ್ತದೆ. ಕಾಫಿ ಕಟ್ಟಿಗೆ ನಿಧಾನಕ್ಕೆ, ಒಂದೇ ಸಮ ಉರಿಯುತ್ತದೆ. ಹಾಲು ಹಾಕುವ ಮೊದಲು ಉರುಳಿಗೆ ಸ್ವಲ್ಪ ನೀರು ಸುತ್ತಿ ಚೆಲ್ಲಬೇಕು, ತಳ ಹಿಡಿಯುವುದು ಕಡಿಮೆ ಆಗುತ್ತದೆ. ಆಮೇಲೆ ಅವ್ವ ಒಂದು ಪುಟ್ಟ ಕಂಚಿನ ತಟ್ಟೆಯನ್ನು ಹಾಲಿನ ತಳಕ್ಕೆ ಬಿಡುತ್ತಾಳೆ. ಕುಂಕುಮದ ಬಟ್ಟಲಿಗೆ ಮುಚ್ಚುವಷ್ಟು ಚಿಕ್ಕದು. ಹಾಲು ಕುದಿಯುವಾಗ ಅದು ತಳದಲ್ಲಿ ಟಕಟಕ ಕುಣಿಯುತ್ತದೆ, ಹಾಲು ಉಕ್ಕದ ಹಾಗೆ ನೋಡಿಕೊಳ್ಳುತ್ತದೆ.

ತುಂಬಾ ವರ್ಷ ನಾನು ಅದರ ಕೆಲಸ ಅಷ್ಟೇ ಅಂದುಕೊಂಡಿದ್ದೆ. ಅವ್ವ ಒಲೆ ಬದಿಯ ಮಣೆ ಮೇಲೆ ಕೂತು, ಕಣ್ಣು ಮುಚ್ಚಿಕೊಂಡು, ಆ ಸದ್ದನ್ನೇ ಕೇಳುತ್ತಾ ಇರುತ್ತಾಳೆ. ನಿದ್ದೆ ಬಂತೇನೋ ಅನ್ನಬೇಕು. ಹಾಲು ತೆಳ್ಳಗಿರುವಾಗ ತಟ್ಟೆಯ ಸದ್ದು ಚುರುಕು. ಹಾಲು ಇಂಗಿ ಅಕ್ಕಿ ಅರಳಿದ ಹಾಗೆ ಸದ್ದು ನಿಧಾನ ಆಗುತ್ತದೆ, ಒಂದು ಟಕ್‌ಗೂ ಇನ್ನೊಂದಕ್ಕೂ ನಡುವೆ ಜಾಗ ಬರುತ್ತದೆ. ಕೊನೆಗೆ ಟಕ್ ಹೋಗಿ ಬುಳುಕ್ ಅನ್ನುವುದಷ್ಟೇ ಉಳಿಯುತ್ತದೆ. ಅವ್ವ ಕಣ್ಣು ಬಿಡದೆಯೇ ಹೇಳುತ್ತಾಳೆ: "ಇಳಿಸು."

ಅಲ್ಲಿಗೆ ಅಕ್ಕಿ ಪೂರ್ತಿ ಬೆಂದಿರಬೇಕು. ಬೆಲ್ಲ ಬಿದ್ದ ಮೇಲೆ ಅಕ್ಕಿ ಬೇಯುವುದಿಲ್ಲ. ಬೆಲ್ಲವನ್ನು ಬೇರೆ ನೀರಿನಲ್ಲಿ ಕರಗಿಸಿ, ಮರಳು, ಕಬ್ಬಿನ ನಾರು ಹೋಗುವ ಹಾಗೆ ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಕುದಿಸಿ ಆರಲು ಬಿಡಬೇಕು. ಹಾಲೂ ಒಲೆಯಿಂದ ಇಳಿದು ಕುದಿ ತಣಿಯಬೇಕು. ಆಮೇಲೆಯೇ ಎರಡರ ಮದುವೆ. ಬೆಲ್ಲದಲ್ಲಿ ತುಸು ಹುಳಿ ಅಂಶ ಇರುತ್ತದೆ. ಕುದಿಯುವ ಹಾಲಿಗೆ ಸುರಿದರೆ ಹಾಲು ಒಡೆಯುತ್ತದೆ.

ಇದನ್ನು ನಾನು ಕಲಿತದ್ದು 2018ರಲ್ಲಿ. ಆ ವರ್ಷದ ಆಗಸ್ಟ್ ಮಳೆ ಕೊಡಗಿನವರಿಗೆ ಯಾರಿಗೂ ಮರೆಯುವುದಿಲ್ಲ. ಗುಡ್ಡ ಜಾರಿ ನಮ್ಮ ಗದ್ದೆಯ ಮೇಲೆ ಮೊಣಕಾಲು ಮುಳುಗುವಷ್ಟು ಕೆಸರು, ಕಲ್ಲು. ನಮ್ಮ ಮನೆ ಉಳಿಯಿತು. ಎಷ್ಟೋ ಜನರದ್ದು ಉಳಿಯಲಿಲ್ಲ. ಹುತ್ತರಿ ಬಂದಾಗ ಕೊಯ್ಯಲು ನಮ್ಮಲ್ಲಿ ಒಂದು ತೆನೆಯೂ ಇರಲಿಲ್ಲ. ನೆಂಟರ ಗದ್ದೆಯಿಂದ ಕದಿರು ತರಬೇಕಾಯಿತು, ಅವರು ಬರುವುದು ತಡ ಆಯಿತು. ಊಟದ ಮುಹೂರ್ತಕ್ಕೆ ಅರ್ಧ ಗಂಟೆ ಇತ್ತು. ಅವಸರದಲ್ಲಿ ನಾನು ಬಿಸಿ ಪಾಕವನ್ನು ಕುದಿಯುವ ಉರುಳಿಗೇ ಸುರಿದೆ. ಕಣ್ಣೆದುರೇ ಮೂರು ಲೀಟರ್ ಹಾಲು ಬಿಳಿ ಚೂರು, ಕಂದು ನೀರು ಅಂತ ಬೇರೆ ಬೇರೆ ಆಯಿತು.

ಅವ್ವ ಬಯ್ಯಲಿಲ್ಲ. ಒಮ್ಮೆ ಬಗ್ಗಿ ನೋಡಿದಳು. "ಒಡೆದದ್ದು ಎಡೆಗಿಲ್ಲ. ಫ್ರಿಜ್ಜಲ್ಲಿ ನಂದಿನಿ ಇದೆಯಲ್ಲ, ತೆಗಿ" ಅಂದಳು. ಅತಿಥಿಗಳ ಕಾಫಿಗೆ ಅಂತ ಇಟ್ಟಿದ್ದ ಪ್ಯಾಕೆಟ್ ಹಾಲು, ಬೆಲ್ಲದ ಬದಲು ಸಕ್ಕರೆ, ನೆಂಟರ ಗದ್ದೆಯ ಕಾಳು. ಆ ಸಲದ ಪಾಯಸ ಅದು. ಗುರುಕಾರಣರು ಏನೂ ಅನ್ನಲಿಲ್ಲ. ಒಡೆದ ಹಾಲನ್ನು ಮರುದಿನ ನಾವೇ ತಿಂದೆವು. ಗಿಣ್ಣಿನ ಹಾಗಿತ್ತು, ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಇತ್ತು.

ಇನ್ನೊಂದು ಎಡವಟ್ಟು 2022ರದ್ದು. ಅದು ಪೂರ್ತಿ ನನ್ನದೇ ಕಿತಾಪತಿ. ಯಾವುದೋ ದೇವಸ್ಥಾನದಲ್ಲಿ ಪಾಯಸಕ್ಕೆ ಪಚ್ಚಕರ್ಪೂರ ಹಾಕಿದ್ದರು, ಬಹಳ ಇಷ್ಟ ಆಗಿತ್ತು. ತಂದಿಟ್ಟುಕೊಂಡಿದ್ದೆ. ಅವ್ವನಿಗೆ ಹೇಳದೆ ಒಂದು ಚಿಟಿಕೆ ಹಾಕಿದೆ. ಚಿಟಿಕೆ ಅನ್ನುವುದೇ ತಪ್ಪು. ಅಷ್ಟು ಪಾಯಸಕ್ಕೆ ಒಂದು ಸಾಸಿವೆ ಕಾಳಿನಷ್ಟು ಸಾಕಾಗಿತ್ತು. ರುಚಿ ನೋಡುವ ಹಾಗಿದ್ದರೆ ಗೊತ್ತಾಗುತ್ತಿತ್ತು ಅಲ್ವಾ? ಎಡೆ ಆಯಿತು, ಪೂಜೆ ಆಯಿತು, ಬಾಳೆ ಎಲೆಗೆ ತಂಬಿಟ್ಟು, ಹುತ್ತರಿ ಗೆಣಸು, ಜೇನು, ಪಾಯಸ ಎಲ್ಲ ಬಡಿಸಿ ಆಯಿತು. ಮೊದಲ ತುತ್ತಿಗೇ ಎಲ್ಲರೂ ತಲೆ ಎತ್ತಿದರು. ಶೀತಕ್ಕೆ ಎದೆಗೆ ಹಚ್ಚುವ ಮುಲಾಮು ತಿಂದ ಹಾಗೆ. ಭಾವ ಮರ್ಯಾದೆಗೆ ನುಂಗಿದರು. ಮಗಳು ಮರ್ಯಾದೆ ಇಟ್ಟುಕೊಳ್ಳಲಿಲ್ಲ.

ಅವ್ವ ಮಾತ್ರ ಎಲೆಯಲ್ಲಿದ್ದದ್ದನ್ನು ಪೂರ್ತಿ ತಿಂದು, ಇನ್ನೊಂದು ಸೌಟು ಹಾಕಿಸಿಕೊಂಡಳು. "ಹದ ಬಂದಿದೆ" ಅಂದಳು.

ನನ್ನ ಮಾನ ಉಳಿಸಲು ಹೇಳಿದ್ದು ಅಂದುಕೊಂಡು ಕಣ್ಣು ತುಂಬಿ ಬಂತು. ರಾತ್ರಿ ಪಾತ್ರೆ ತೊಳೆಯುವಾಗ ಸುಮ್ನೆ ಕೇಳಿದೆ, ಕರ್ಪೂರದ ವಾಸನೆ ಗೊತ್ತಾಗಲಿಲ್ವಾ ಅಂತ. ಅವ್ವ ಉರುಳಿ ಉಜ್ಜುತ್ತಲೇ ಇದ್ದಳು. "ಯಾವ ಕರ್ಪೂರ?" ಅಂದಳು.

2021ರಲ್ಲಿ, ಕೊರೊನಾದ ಎರಡನೇ ಅಲೆಯಲ್ಲಿ ಅವ್ವನಿಗೆ ಜ್ವರ ಬಂದಿತ್ತು. ವಾಸನೆ ಹೋಗಿದೆ ಅಂದಿದ್ದಳು. ಎಲ್ಲರಿಗೂ ಹೋಗಿ ಬರುತ್ತಿತ್ತು, ಇವಳದ್ದೂ ಬಂದಿದೆ ಅಂತ ನಾವು ತಿಳಿದಿದ್ದೆವು. ಬಂದೇ ಇರಲಿಲ್ಲ. ಸಿಹಿ, ಉಪ್ಪು ಇಷ್ಟು ನಾಲಿಗೆಗೆ ಸಿಗುತ್ತದಂತೆ. ಏಲಕ್ಕಿ, ತುಪ್ಪ, ಕಾಫಿ, ಮಣ್ಣಿಗೆ ಬಿದ್ದ ಮೊದಲ ಮಳೆ, ಯಾವುದೂ ಇಲ್ಲ. ಒಂದೂವರೆ ವರ್ಷ ಯಾರಿಗೂ ಹೇಳಿರಲಿಲ್ಲ. ಹೇಳಿ ಏನು ಮಾಡುವುದು ಅಂದಳು. ದಿನದ ಅಡುಗೆ ನಾನು ಮಾಡುತ್ತಿದ್ದೆ, ಹಾಗಾಗಿ ನಮಗೂ ಗೊತ್ತಾಗಲಿಲ್ಲ. ಅದರ ನಡುವೆ ಒಂದು ಹುತ್ತರಿಯೂ ಬಂದು ಹೋಗಿತ್ತು, ಆ ಸಲದ ಪಾಯಸವನ್ನು ಎಲ್ಲರೂ ಹೊಗಳಿದ್ದರು.

ಆಮೇಲೆ ಎರಡು ಸಲ ಡಾಕ್ಟರಿಗೆ ತೋರಿಸಿದೆವು. ಬೆಳಿಗ್ಗೆ ಲವಂಗ, ನಿಂಬೆಸಿಪ್ಪೆ ಮೂಸಲು ಹೇಳಿದರು. ಅವ್ವ ಒಂದು ವಾರ ಮೂಸಿ, ಲವಂಗವನ್ನು ಡಬ್ಬಕ್ಕೆ ವಾಪಸ್ ಹಾಕಿದಳು.

ಕಳೆದ ಹುತ್ತರಿಗೆ ಉರುಳಿ ಮುಂದೆ ನಾನು ನಿಂತೆ, ಮಣೆ ಮೇಲೆ ಅವ್ವ ಕೂತಳು. ತೋಟದಲ್ಲಿ ಏಲಕ್ಕಿ ಸರಿಯಾಗಿ ಹಿಡಿದಿರಲಿಲ್ಲ. ಒಣಗಿಸಿಟ್ಟದ್ದು ಎಂಟೇ ಕಾಯಿ ಇತ್ತು. ಅಂಗಡಿಯದ್ದು ತರೋಣ ಅಂದರೆ ಅವ್ವ ಬೇಡ ಅಂದಳು, ಇದ್ದದ್ದನ್ನೇ ಕುಟ್ಟಿ ಹಾಕಿಸಿದಳು. ತಟ್ಟೆಯ ಸದ್ದು ನಿಧಾನ ಆಗುತ್ತಾ ಬಂತು. ಈ ಸಲ ನಾನೂ ಕಣ್ಣು ಮುಚ್ಚಿ ಕೇಳಿದೆ. ಅವಳು "ಇಳಿಸು" ಅನ್ನುವುದಕ್ಕಿಂತ ಸ್ವಲ್ಪ ಮೊದಲೇ ನನ್ನ ಕೈ ಮಸಿಬಟ್ಟೆಗೆ ಹೋಗಿತ್ತು. ಅವ್ವ ಒಂದು ಕಣ್ಣು ತೆರೆದು, "ಇನ್ನೂ ಎರಡು ಬುಳುಕ್ ಇದೆ" ಅಂದಳು.

ಊಟ ಮುಗಿದು, ಎಲ್ಲರೂ ಜಗಲಿಗೆ ಹೋದ ಮೇಲೆ ಅವ್ವ ಮೆಲ್ಲಗೆ ಕೇಳಿದಳು, ಹೇಗಾಗಿದೆ ಅಂತ. ಬೆಲ್ಲ ಸರಿಯಾಗಿದೆ, ಹೊಸ ಅಕ್ಕಿ ಬಾಯಿಗೆ ಮೆತ್ತಗೆ ಸಿಗುತ್ತದೆ, ಸೀದ ವಾಸನೆ ಇಲ್ಲ ಅಂತೆಲ್ಲ ಹೇಳಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಏಲಕ್ಕಿ ಒಂಚೂರು ಕಮ್ಮಿ" ಅಂದೆ.

"ಹೂಂ," ಅಂದಳು ಅವ್ವ, "ನಾಲ್ಕು ಕಾಯಿ ಕಮ್ಮಿ."